ಹಿಂದಿನ ಶುಕ್ರವಾರಕ್ಕೆ ಹೋದ ಕಂಪ್ಯೂಟರ್

ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡು ಕಳಚಿದ ಕೂಡಲೇ ಒಳಗಿನಿಂದ ಹಿಟ್ಟಿನಂಥ ಬಿಳಿ ಧೂಳು ಎದ್ದಿತು. ಮೇಣದಕ್ಕ ಸೀನಿದಳು. ಜಿಗಣೆ ಸೀನಲಿಲ್ಲ. ಮೊಣಕೈಯಿಂದ ಮೂಗು ಮುಚ್ಚಿಕೊಂಡು ಪೆಟ್ಟಿಗೆಯೊಳಗೆ ತಲೆ ತೂರಿಸಿದಳು.

“ಟಾರ್ಚು ಸ್ವಲ್ಪ ಕೆಳಗೆ ಹಿಡೀರಿ.”

ಹಲ್ಲು ಕಟ್ಟುವ ಲ್ಯಾಬಿನಲ್ಲಿ ಧೂಳಿಗೆ ಬರವಿಲ್ಲ. ಅಚ್ಚು ಎರೆಯುವ ಪ್ಲಾಸ್ಟರಿನ ಪುಡಿ ಕಿಟಕಿಯ ಸರಳಿನ ಮೇಲೆ, ಗೋಡೆ ಗಡಿಯಾರದ ಮೇಲೆ, ಕೆಲಸದವರ ಹುಬ್ಬಿನ ಮೇಲೆ ಎಲ್ಲೆಂದರಲ್ಲಿ ಕೂತಿರುತ್ತದೆ. ಪೆಟ್ಟಿಗೆಯೊಳಗೂ ಅದೇ ಪುಡಿ. ತಂತಿಗಳಿಗೆಲ್ಲ ಯಾರೋ ಬಿಳಿ ಹೊದಿಕೆ ಹೊದಿಸಿದ ಹಾಗಿತ್ತು. ಒಂದು ಕಡೆ ಮಾತ್ರ ಧೂಳಿರಲಿಲ್ಲ. ಅಂಗೈಯಗಲದ ಒಂದು ಚೌಕ, ಒರೆಸಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. ಅದರ ಪಕ್ಕ ಎರಡು ತಂತಿಗಳ ತುದಿಗಳು ಯಾವುದಕ್ಕೂ ಅಂಟಿಕೊಳ್ಳದೆ ಜೋತಾಡುತ್ತಿದ್ದವು.

“ಇಲ್ಲಿ ಏನೋ ಇತ್ತು,” ಎಂದಳು ಜಿಗಣೆ.

ಪೊಲೀಸ್ ಇಲಾಖೆಯಲ್ಲಿದ್ದಾಗ ಮೇಲಧಿಕಾರಿಗಳು ಇಟ್ಟ ಅಡ್ಡಹೆಸರು ಅದು. ಕಚ್ಚಿದರೆ ಬಿಡುವುದಿಲ್ಲ ಎಂದು ಬೈಗುಳವಾಗಿ ಇಟ್ಟದ್ದನ್ನೇ ಅವಳು, ಕೆಲಸ ಬಿಟ್ಟು ಸ್ವಂತವಾಗಿ ಪತ್ತೇದಾರಿಗೆ ಇಳಿದ ಮೇಲೆ, ಬಾಗಿಲಿನ ಫಲಕದಲ್ಲಿ ದೊಡ್ಡಕ್ಷರದಲ್ಲಿ ಬರೆಸಿಕೊಂಡಿದ್ದಳು.

ಬಾಗಿಲ ಬಳಿ ಸ್ಟೂಲಿನ ಮೇಲೆ, ಮರದ ಸಾಮಾನಿಗೆ ಪಾಲಿಶ್ ಹಚ್ಚುವ ಪಾಲಿಶ್‌ನವನ ಹೆಂಡತಿ ಕೂತಿದ್ದಳು. ಮಡಿಲಲ್ಲಿ ಕೈಚೀಲ. ಗಂಡನ ಅಣ್ಣನ ಮರದ ಗೋದಾಮಿಗೆ ಬಿದ್ದ ಬೆಂಕಿಯಲ್ಲಿ ಗುರುತು ಸಿಗದಷ್ಟು ಸುಟ್ಟುಹೋದ ದೇಹ ಆಕೆಯ ಗಂಡನದೇ ಎಂದು ಪೊಲೀಸರು ಬರೆದು ಮುಗಿಸಿದ್ದರು. ನಾಳೆ ಬೆಳಿಗ್ಗೆ ಆಕೆ ಸಹಿ ಹಾಕಿ ದೇಹ ತೆಗೆದುಕೊಂಡರೆ ಅಲ್ಲಿಗೆ ಎಲ್ಲ ಮುಗಿದಂತೆ. ಆಮೇಲೆ ಅವನನ್ನು ಹುಡುಕುವವರೇ ಇಲ್ಲ.

ಆಕೆಯ ಹತ್ತಿರ ಇದ್ದದ್ದು ಒಂದೇ ಮಾತು. ಸತ್ತವನ ಬಾಯಲ್ಲಿ ಸಿಕ್ಕ ಕಟ್ಟಿಸಿದ ಹಲ್ಲು ಕೆಳದವಡೆಯ ಎಡಗಡೆಯದು. ತನ್ನ ಗಂಡ ಹಲ್ಲು ಕಟ್ಟಿಸಿದ್ದು ಬಲಗಡೆ. ಎರಡು ವರ್ಷದಿಂದ ಎದುರಿಗೆ ಕೂತು ಊಟ ಮಾಡುತ್ತಿದ್ದಾನೆ, ತುತ್ತನ್ನು ಎಡಗಡೆಗೇ ತಳ್ಳಿಕೊಂಡು ಅಗಿಯುತ್ತಾನೆ, ಅಷ್ಟೂ ತಿಳಿಯದೆ ನಾನೆಂಥ ಹೆಂಡತಿ ಎಂದು ಆಕೆ ಠಾಣೆಯಲ್ಲಿ ಕೇಳಿದ್ದಳು. ಇನ್‌ಸ್ಪೆಕ್ಟರು ಲ್ಯಾಬಿನ ಕಂಪ್ಯೂಟರಿನಲ್ಲಿದ್ದ ದವಡೆಯ ಚಿತ್ರ ತೋರಿಸಿದ್ದರು. ಅವನ ಹೆಸರಿನಡಿ ಇದ್ದದ್ದು ಎಡಗಡೆ. ದುಃಖದಲ್ಲಿ ಎಡಬಲ ಮರೆತುಹೋಗುತ್ತದಮ್ಮ ಎಂದು ಸಮಾಧಾನ ಹೇಳಿ ಕಳಿಸಿದ್ದರು.

ಜಿಗಣೆಗೆ ಆ ಸಮಾಧಾನ ಹಿಡಿಸಿರಲಿಲ್ಲ. ಅದಕ್ಕೇ ಇಲ್ಲಿಗೆ ಬಂದಿದ್ದಳು.

“ಅಲ್ಲಿ ಇದ್ದದ್ದು ಹಳೇ ಹಾರ್ಡ್ ಡಿಸ್ಕು,” ಎಂದಳು ಮೇಣದಕ್ಕ. “ನಾನು ತೆಗೆದಿಲ್ಲ ಮೇಡಂ.”

ಮೇಣದಕ್ಕ ಲ್ಯಾಬಿನ ಮಾಲೀಕನ ಅಕ್ಕನ ಮಗಳು. ಮೇಣದಲ್ಲಿ ಹಲ್ಲಿನ ಆಕಾರ ತಿದ್ದುವುದು ಅವಳ ಕಸುಬು. ಮನೆಯವಳು ಎಂಬ ಒಂದೇ ತಪ್ಪಿಗೆ ಕಂಪ್ಯೂಟರಿನ ಉಸ್ತುವಾರಿಯೂ ಅವಳ ತಲೆಗೇ ಕಟ್ಟಿತ್ತು. ದವಡೆಯ ಚಿತ್ರಗಳು ತುಂಬಿ ತುಂಬಿ ಡಿಸ್ಕಿನಲ್ಲಿ ಜಾಗವೇ ಇರಲಿಲ್ಲವಂತೆ. ಹಾಗಾಗಿ ದೊಡ್ಡ ಡಿಸ್ಕು ತರಿಸಿ, ಬೆಂಕಿ ಬೀಳುವ ಐದು ದಿನ ಮೊದಲು, ಹಿಂದಿನ ಶುಕ್ರವಾರ, ಹಳೆಯದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಇಳಿಸಿದಳಂತೆ. ಫೈಲುಗಳನ್ನಷ್ಟೇ ಅಲ್ಲ, ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯನ್ನೂ ಸೇರಿಸಿ, ಇದ್ದದ್ದು ಇದ್ದ ಹಾಗೇ.

“ಇಳಿಸಿ ಆದ ಮೇಲೆ ಹಳೇದನ್ನ ಯಾಕೆ ಒಳಗೇ ಬಿಟ್ರಿ?”

“ಹೊಸದು ಕೈಕೊಟ್ರೆ ಇರಲಿ ಅಂತ. ಮಾವ ಮೊದಲೇ ಬೈಯೋಕೆ ಕಾಯ್ತಿರ್ತಾರೆ.”

ಬೈಗುಳ ತಪ್ಪಿರಲಿಲ್ಲ. ಮೊನ್ನೆ ಶನಿವಾರ ಮಧ್ಯಾಹ್ನದಿಂದ ಕಂಪ್ಯೂಟರಿಗೆ ಏನೋ ಬಡಿದುಕೊಂಡಿತ್ತು. ಊಟ ಮುಗಿಸಿ ಬಂದು ನೋಡಿದರೆ ವಾರವಿಡೀ ಮಾಡಿದ ಕೆಲಸವೇ ಇಲ್ಲ. ಹಿಂದಿನ ಶುಕ್ರವಾರದವರೆಗಿನದು ಎಲ್ಲ ಇದೆ, ಅಲ್ಲಿಂದಾಚೆಗಿನದು ತೊಳೆದಿಟ್ಟ ಹಾಗೆ ಮಾಯ. ನೀನು ಇಳಿಸಿದ ಚಂದ ಇದು ಎಂದು ಮಾವ ಎಲ್ಲರೆದುರು ಅಂದರಂತೆ. ಅವಳು ಆವತ್ತಿನಿಂದ ರಾತ್ರಿಯ ಊಟ ಬಿಟ್ಟಿದ್ದಳು.

ಜಿಗಣೆ ಪೆಟ್ಟಿಗೆಯಿಂದ ತಲೆ ಹೊರಗೆ ತೆಗೆದಳು. ಕೂದಲು ಒಂದು ಗಳಿಗೆಯಲ್ಲಿ ನರೆತಂತಾಗಿತ್ತು. ಕಂಪ್ಯೂಟರಿನ ಬಗ್ಗೆ ಅವಳಿಗೆ ತಿಳಿದದ್ದು ಅಷ್ಟಕ್ಕಷ್ಟೇ. ಆದರೆ ಒಂದು ವಸ್ತು ಕಳುವಾಗುವುದಕ್ಕೂ ಒಂದು ವಾರ ಕಳುವಾಗುವುದಕ್ಕೂ ನಂಟಿಲ್ಲ ಎಂದರೆ ಅವಳು ನಂಬುವವಳಲ್ಲ.

“ಯಂತ್ರ ಶುರು ಮಾಡಿ. ಜಾಗ ಎಷ್ಟಿದೆ ಅಂತ ತೋರಿಸುತ್ತಲ್ಲ, ಅದನ್ನ ತೆಗೀರಿ.”

ಪರದೆಯ ಮೇಲೆ ಒಂದು ಪಟ್ಟಿ ಮೂಡಿತು. ನೀಲಿ ಬಣ್ಣ ತುಸುವೇ ತುಂಬಿ, ಉಳಿದದ್ದೆಲ್ಲ ಖಾಲಿ.

“ಈಗ ನೀಲಿ ಇದೆ,” ಮೇಣದಕ್ಕ ಹುಬ್ಬು ಗಂಟಿಕ್ಕಿದಳು.

“ಮುಂಚೆ?”

“ಕೆಂಪು. ಜಾಗ ಇಲ್ಲ ಅಂದ್ರೆ ಕೆಂಪಾಗುತ್ತೆ.”

“ಅದು ಹೊಸ ಡಿಸ್ಕು ಹಾಕೋ ಮುಂಚಿನ ಮಾತು. ಹಾಕಿದ ಮೇಲೆ?”

ಹಾಕಿದ ಮೇಲೂ ಕೆಂಪೇ ಇತ್ತು ಎಂಬುದು ಮೇಣದಕ್ಕನಿಗೆ ಆಗಲೇ ಹೊಳೆದದ್ದು. ಸೋಮವಾರವೂ ಕೆಂಪು, ಮಂಗಳವಾರವೂ ಕೆಂಪು. ಅಷ್ಟು ದೊಡ್ಡದು ಹಾಕಿದರೂ ಗೊಣಗುವುದು ನಿಲ್ಲಿಸಲಿಲ್ಲವಲ್ಲ ಇದು, ಇದಕ್ಕೂ ಮಾವನ ಗಾಳಿ ಬಡಿದಿರಬೇಕು ಎಂದು ನಕ್ಕು ಸುಮ್ಮನಾಗಿದ್ದಳು.

ಜಿಗಣೆ ಬೆಂಚಿನ ಮೇಲಿದ್ದ ಎರಡು ಮೇಣದ ಉಂಡೆಗಳನ್ನು ಎತ್ತಿಕೊಂಡಳು. ಒಂದು ಸಣ್ಣದು, ಒಂದು ದೊಡ್ಡದು. ತನಗೇ ಅರ್ಥವಾಗಲಿ ಎಂಬಂತೆ ನಿಧಾನವಾಗಿ ಹೇಳಿಕೊಂಡಳು. ನೀವು ದೊಡ್ಡ ಮನೆ ಕಟ್ಟಿದಿರಿ. ಹಳೇ ಮನೆಯಲ್ಲಿದ್ದ ಹಾಗೆಯೇ ಒಂದೊಂದು ಚಮಚವನ್ನೂ ಜೋಡಿಸಿದಿರಿ. ಆದರೆ ಇನ್ನು ಮೇಲೆ ಹೊಸ ಮನೆಯಲ್ಲಿ ಏಳಬೇಕು ಅಂತ ಈ ಯಂತ್ರಕ್ಕೆ ಯಾರೂ ಹೇಳಲಿಲ್ಲ. ಅದು ವಾರಪೂರ್ತಿ ಹಳೇ ಮನೆಯಲ್ಲೇ ಏಳುತ್ತಿತ್ತು, ಹಳೇ ಮನೆಯಲ್ಲೇ ದುಡಿಯುತ್ತಿತ್ತು. ಹೊಸದಕ್ಕೆ ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ಸರೀನಾ?

ಮೇಣದಕ್ಕ ಹಣೆ ಚಚ್ಚಿಕೊಂಡಳು. ಯಾವ ಡಿಸ್ಕಿನಿಂದ ಶುರುವಾಗಬೇಕು ಎಂದು ಬದಲಿಸುವ ಒಂದು ಪುಟ ಇದೆ, ಆವತ್ತು ಅಚ್ಚುಗಳ ರಾಶಿ ಬಂದು ಬಿತ್ತು, ಆಮೇಲೆ ಮಾಡೋಣ ಎಂದುಕೊಂಡದ್ದು ಮರೆತೇಹೋಯಿತು ಎಂದಳು. ಒಂದರ ಪಡಿಯಚ್ಚು ಇನ್ನೊಂದಾದ್ದರಿಂದ ಯಂತ್ರ ಒಂದನ್ನು ಮರೆಯಲ್ಲಿಟ್ಟು ಒಂದನ್ನೇ ತೋರಿಸುತ್ತದಂತೆ. ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ.

“ಶನಿವಾರ ಯಾರೋ ಹಳೇದನ್ನ ಕಿತ್ರು,” ಜಿಗಣೆ ಸಣ್ಣ ಉಂಡೆಯನ್ನು ಜೇಬಿಗೆ ಹಾಕಿಕೊಂಡಳು. “ಯಂತ್ರಕ್ಕೆ ಬೇರೆ ದಾರಿ ಇರಲಿಲ್ಲ. ಹೊಸದರಲ್ಲಿ ಎದ್ದಿತು. ಅಲ್ಲಿ ಇನ್ನೂ ಹಿಂದಿನ ಶುಕ್ರವಾರ.”

ಪಾಲಿಶ್‌ನವನ ಹೆಂಡತಿ ಸ್ಟೂಲಿನಿಂದ ಎದ್ದು ಬಂದಳು. “ಪೊಲೀಸರು ನೋಡಿದ್ದು ಯಾವಾಗ ಅಕ್ಕಾ?”

“ಹೋದ ಗುರುವಾರ,” ಎಂದಳು ಜಿಗಣೆ. “ಬೆಂಕಿ ಬಿದ್ದ ಮಾರನೇ ದಿನ.”

“ಹಂಗಾದ್ರೆ ಅವರು ನೋಡಿದ್ದು...”

“ಕಳುವಾದ ಡಿಸ್ಕನ್ನ.”

ಮೂವರೂ ಪರದೆಯ ಕಡೆ ತಿರುಗಿದರು. ಮೇಣದಕ್ಕನ ಕೈ ಆಗಲೇ ಮೌಸಿನ ಮೇಲಿತ್ತು. ಜಿಗಣೆ ಅದನ್ನು ಹಿಡಿದಳು. ಈಗ ಬೇಡ ಎಂದಳು. ಅದನ್ನು ನೋಡುವಾಗ ಇನ್ನೊಬ್ಬರೂ ಇಲ್ಲಿರಬೇಕು.

ಕಾಯುವಷ್ಟು ಹೊತ್ತು ಅವಳು ಸುಮ್ಮನಿರಲಿಲ್ಲ. ಲ್ಯಾಬಿನಲ್ಲಿ ಇರುವವರು ಮೂರೇ ಜನ. ಮಾಲೀಕ, ಮೇಣದಕ್ಕ, ಮತ್ತು ಪಿಂಗಾಣಿ ಸುಡುವ ಓವನ್ ನೋಡಿಕೊಳ್ಳುವ ಮುದುಕ. ಶನಿವಾರ ಊಟಕ್ಕೆ ಯಾರು ಯಾವಾಗ ಹೋದರು ಎಂದು ಕೇಳಿದಳು. ಆಗ ಒಂದು ವಿಚಿತ್ರ ಸಂಗತಿ ಹೊರಬಿತ್ತು.

ಓವನ್ ಉರಿಯುವಾಗ ಅದರ ಮುಂದೆ ಒಬ್ಬರು ಇರಲೇಬೇಕು. ಬಿಸಿ ಒಂದಿಷ್ಟು ಹೆಚ್ಚಾದರೂ ಹಲ್ಲು ಬಿರಿಯುತ್ತದೆ. ಅದಕ್ಕೇ ಈ ಲ್ಯಾಬಿನಲ್ಲಿ ಎಲ್ಲರೂ ಒಟ್ಟಿಗೆ ಊಟಕ್ಕೆ ಎದ್ದದ್ದೇ ಇಲ್ಲ. ಸರದಿಯ ಮೇಲೆ ಉಣ್ಣುವುದು. ಮಾಲೀಕ ಆ ವಿಷಯದಲ್ಲಿ ಯಮ. ತನ್ನ ಮದುವೆಯ ದಿನವೂ ಓವನ್ ಮುಂದೆ ಬಂದು ನಿಂತಿದ್ದವನು. ಅಂಥವನು ಶನಿವಾರ, ಇಬ್ಬರೂ ಹೋಗಿ ಬನ್ನಿ, ನಾನು ನೋಡಿಕೊಳ್ಳುತ್ತೇನೆ ಎಂದನಂತೆ.

“ನೋಡಿಕೊಂಡ್ರಾ?”

ಮೇಣದಕ್ಕ ಕಸದ ಬುಟ್ಟಿಯನ್ನು ಮುಂದಕ್ಕೆ ಎಳೆದಳು. ತಳದಲ್ಲಿ ಒಂದು ತಟ್ಟೆ ತುಂಬ ಹಲ್ಲುಗಳು. ಒಂದೊಂದೂ ಕೂದಲೆಳೆಯಂತೆ ಬಿರುಕು ಬಿಟ್ಟು ಬೂದು ಬಣ್ಣಕ್ಕೆ ತಿರುಗಿದ್ದವು. ಇಷ್ಟು ವರ್ಷದಲ್ಲಿ ಮಾವನ ಕೈಯಲ್ಲಿ ಒಂದು ತಟ್ಟೆ ಸುಟ್ಟುಹೋದದ್ದು ಅದೇ ಮೊದಲು ಎಂದಳು.

ಜಿಗಣೆ ಒಂದು ಹಲ್ಲನ್ನು ಎತ್ತಿ ಬೆಳಕಿಗೆ ಹಿಡಿದಳು. ಹತ್ತು ಹೆಜ್ಜೆ ದೂರದಲ್ಲಿ ಓವನ್ ಕೂಗುತ್ತಿದ್ದರೂ ಕೇಳಿಸದಷ್ಟು ಮೈಮರೆತು ಆ ಮನುಷ್ಯ ಏನು ಮಾಡುತ್ತಿದ್ದ ಎಂದು ಇನ್ನು ಯಾರನ್ನೂ ಕೇಳಬೇಕಿರಲಿಲ್ಲ.

ಮಾಲೀಕ ಬಂದದ್ದು ದಂತವೈದ್ಯರ ಕಡೆಯಿಂದ ಹೊಸ ಅಚ್ಚುಗಳ ಡಬ್ಬಿ ಹೊತ್ತುಕೊಂಡು. ದಪ್ಪ ಮೈ, ತೆಳು ದನಿ. ಬಿಚ್ಚಿದ ಪೆಟ್ಟಿಗೆ ನೋಡಿ ಹೊಸಿಲಲ್ಲೇ ನಿಂತ.

“ಇದನ್ನ ಬಿಚ್ಚೋಕೆ ಯಾರನ್ನ ಕೇಳಿದ್ರಿ?”

“ನಾನೇ ಬಿಚ್ಚಿದ್ದು ಮಾವ,” ಎಂದಳು ಮೇಣದಕ್ಕ. ಕಾಲು ಹಿಂದಕ್ಕೆ ಹೋಗಲಿಲ್ಲ.

ಜಿಗಣೆ ಹಲ್ಲಿನ ತಟ್ಟೆಯನ್ನು ಬೆಂಚಿನ ಮೇಲಿಟ್ಟಳು. “ಇವು ಸುಡುತ್ತಿದ್ದಾಗ ನೀವು ಎಲ್ಲಿದ್ರಿ?”

ಅವನು ತಪ್ಪನ್ನು ಕರೆಂಟಿನ ಮೇಲೆ ಹಾಕಿದ. ಆವತ್ತು ಕರೆಂಟು ಹೋಗಿರಲಿಲ್ಲ ಎಂದಾಗ ಓವನ್ ಹಳೆಯದೆಂದ. ಆಮೇಲೆ ಕೋಪ ಬಂತು. ಪೊಲೀಸರೇ ನೋಡಿ ಒಪ್ಪಿಕೊಂಡು ಹೋದ ವಿಷಯವನ್ನು ಕೆದಕಲು ನೀವು ಯಾರು, ಕಾಗದ ತಂದಿದ್ದರೆ ತೋರಿಸಿ, ಇಲ್ಲದಿದ್ದರೆ ಬಾಗಿಲು ಅಲ್ಲಿದೆ ಎಂದ.

ಜಿಗಣೆ ಬಾಗಿಲ ಕಡೆ ನೋಡಲೂ ಇಲ್ಲ. ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತಳು.

“ನೀವು ಹಳೇ ಸಣ್ಣ ಡಿಸ್ಕನ್ನ ಕಿತ್ತಿದ್ದು, ಅದರಲ್ಲಿ ನಿಜ ಇದೆ ಅಂತ. ದೊಡ್ಡದರಲ್ಲಿ ನೀವು ತಿದ್ದಿದ್ದು ಇದೆ, ಎರಡನ್ನ ಪಕ್ಕಪಕ್ಕ ಇಟ್ಟು ನೋಡಿದ್ರೆ ಸಿಕ್ಕಿಬೀಳ್ತೀನಿ ಅಂತ. ಹೌದು ತಾನೇ?”

ಅವನು ಹೊತ್ತಿದ್ದ ಡಬ್ಬಿಯನ್ನು ನೆಲಕ್ಕೆ ಇಳಿಸಿದ.

“ತಿರುಗುಮುರುಗು ಆಯ್ತು. ನೀವು ತಿದ್ದಿದ್ದೇ ಸಣ್ಣದರಲ್ಲಿ. ನಿಮ್ಮ ತಿದ್ದುಪಡಿಯನ್ನ ನೀವೇ ಕಿತ್ಕೊಂಡು ಹೋದ್ರಿ. ನಿಜ ಇಲ್ಲೇ ಉಳೀತು.” ಅವಳು ಮೇಣದಕ್ಕನತ್ತ ತಲೆಯಾಡಿಸಿದಳು. “ಈಗ ತೆಗೀರಿ.”

ಮೇಣದಕ್ಕ ಮೌಸು ಒತ್ತಿದಳು. ಪಾಲಿಶ್‌ನವನ ಹೆಸರಿನಡಿ ಒಂದು ದವಡೆ ಪರದೆಯ ಮೇಲೆ ಮೂಡಿ, ನಿಧಾನವಾಗಿ ತಿರುಗಿ, ನಿಂತಿತು.

ಕಟ್ಟಿದ ಹಲ್ಲು ಬಲಗಡೆ ಇತ್ತು.

ಪಾಲಿಶ್‌ನವನ ಹೆಂಡತಿ ಪರದೆಯ ಹತ್ತಿರ ಬಂದು, ಕಟ್ಟಿದ ಮೂರು ಹಲ್ಲುಗಳ ಮೇಲೆ ಬೆರಳಿಟ್ಟಳು. ಅಳಲಿಲ್ಲ. ನಾನು ಎಡಬಲ ಮರೆತಿರಲಿಲ್ಲ ಎಂದಷ್ಟೇ ಹೇಳಿದಳು, ಯಾರಿಗೂ ಅಲ್ಲ.

ಮಾಲೀಕ ಅಚ್ಚಿನ ಡಬ್ಬಿಯ ಮೇಲೇ ಕುಸಿದು ಕೂತ. ಒಳಗೆ ಏನೋ ಪುಡಿಯಾದ ಸದ್ದಾಯಿತು. ಮೇಜಿನ ಕೆಳಗೆ ಕೈ ಮಾಡಿ ತೋರಿಸಿದ. ಅಲ್ಲಿ ಇಟ್ಟಿಗೆಯಷ್ಟು ದೊಡ್ಡ ಪ್ಲಾಸ್ಟರ್ ಗಟ್ಟಿಯೊಂದು ಬಿದ್ದಿತ್ತು. ಡಿಸ್ಕನ್ನು ಎಸೆಯಲು ಧೈರ್ಯ ಸಾಲಲಿಲ್ಲವಂತೆ, ಒಡೆಯಲು ಮನಸ್ಸು ಬರಲಿಲ್ಲವಂತೆ. ತನಗೆ ಬರುವ ವಿದ್ಯೆ ಅದೊಂದೇ, ಅಚ್ಚು ಎರೆಯುವುದು. ಎರೆದು ಒಳಗೆ ಹೂತುಬಿಟ್ಟಿದ್ದ.

“ನಾನು ಕೆಟ್ಟದ್ದಕ್ಕೆ ಮಾಡಿದ್ದಲ್ಲ ತಾಯಿ,” ಎಂದ ಆಕೆಯ ಕಡೆ ತಿರುಗಿ. “ತಪ್ಪಾಗಿದೆ, ಸರಿ ಮಾಡು ಅಂದ್ರು. ಮಾಡಿದೆ.”

“ಯಾರು ಅಂದ್ರು?” ಜಿಗಣೆಯ ದನಿ ಮೆತ್ತಗಾಯಿತು. ಅವಳು ಹಾಗೆ ಮೆತ್ತಗೆ ಕೇಳಿದಾಗ ಸುಳ್ಳು ಹೇಳಿ ಗೆದ್ದವರಿಲ್ಲ.

ಅವನು ಹೇಳಿದ್ದು ಇಷ್ಟು. ಪಾಲಿಶ್‌ನವನೂ ಅವನ ಅಣ್ಣನೂ ಎರಡು ವರ್ಷದ ಹಿಂದೆ ಒಂದೇ ತಿಂಗಳಲ್ಲಿ ಹಲ್ಲು ಕಟ್ಟಿಸಿದ್ದರು. ಬೆಂಕಿ ಬೀಳುವ ಹಿಂದಿನ ದಿನ, ಮಂಗಳವಾರ, ಆ ಅಣ್ಣನ ಫೋನಿನಿಂದ ಮಾಲೀಕನಿಗೆ ಮೆಸೇಜು ಬಂತು. ನಮ್ಮಿಬ್ಬರ ಚಿತ್ರವೂ ಅದಲುಬದಲಾಗಿ ಸೇರಿಕೊಂಡಿದೆಯಂತೆ, ನನ್ನದು ತಮ್ಮನ ಹೆಸರಲ್ಲಿದೆ, ತಮ್ಮನದು ನನ್ನ ಹೆಸರಲ್ಲಿದೆ, ಸರಿ ಮಾಡಿಬಿಡಿ ಎಂದು. ಮಾಲೀಕ ಫೋನ್ ಮಾಡಿದ. ಎತ್ತಲಿಲ್ಲ. ಹಳೆಯ ಅಚ್ಚು ತೆಗೆದು ನೋಡೋಣವೆಂದರೆ ಅವನ್ನೆಲ್ಲ ಎಸೆದು ವರ್ಷವಾಗಿತ್ತು. ದೊಡ್ಡ ಮನುಷ್ಯ ಕೇಳಿದ್ದಾನೆ, ಸುಳ್ಳು ಯಾಕೆ ಹೇಳುತ್ತಾನೆ ಎಂದು ಎರಡರ ಹೆಸರನ್ನೂ ಬದಲಿಸಿದ. ಗುರುವಾರ ಪೊಲೀಸರು ಬಂದು ಅದನ್ನೇ ನೋಡಿ ಗುರುತು ಹಿಡಿದರು. ಆಗ ಬಾಯಿ ಬಿಡಲು ಹೆದರಿದ. ಪರೀಕ್ಷಿಸದೆ ರೋಗಿಯ ದಾಖಲೆ ಮುಟ್ಟಿದ್ದಕ್ಕೆ ಲ್ಯಾಬಿಗೇ ಬೀಗ ಬೀಳುತ್ತಿತ್ತು.

“ಆ ಅಣ್ಣನ ಚಿತ್ರ ತೆಗೀರಿ,” ಎಂದಳು ಜಿಗಣೆ.

ಎರಡನೆಯ ದವಡೆ ತಿರುಗಿ ನಿಂತಿತು. ಎಡಗಡೆ, ಮೂರು ಹಲ್ಲು. ಜಿಗಣೆ ಚೀಲದಿಂದ ಪೊಲೀಸರ ಫೋಟೋ ತೆಗೆದು ಪರದೆಗೆ ಹಿಡಿದಳು. ಸುಟ್ಟು ಕಪ್ಪಾಗಿದ್ದರೂ ಆಕಾರದಲ್ಲಿ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ನಡುವಿನ ಹಲ್ಲಿನ ಓರೆ ಕೂಡ ಅದೇ.

ಮೇಣದಕ್ಕ ಮುಖ ತಿರುಗಿಸಿದಳು. ಓವನ್ ಮುದುಕ ಕೆಲಸ ನಿಲ್ಲಿಸಿ ಇತ್ತಲೇ ನೋಡುತ್ತಿದ್ದ.

“ಅಲ್ಲ,” ಎಂದಳು ಪಾಲಿಶ್‌ನವನ ಹೆಂಡತಿ. “ಅದು ಹ್ಯಾಗಾಗುತ್ತೆ? ಭಾವ ಮರ ತರೋಕೆ ದೂರ ಹೋಗಿದ್ದಾರೆ. ಅಲ್ಲಿ ಕಾಮಾಲೆ ಆಗಿ ಮಲಗಿದ್ದಾರೆ. ಅದಕ್ಕೇ ಬರೋಕಾಗಿಲ್ಲ. ದಿನಾ ಮೆಸೇಜು ಹಾಕ್ತಾರೆ.”

“ಮಾತಾಡಿದ್ದೀಯಾ?”

ಆಕೆ ಇಲ್ಲವೆಂದು ತಲೆಯಾಡಿಸಿದಳು. ಮಾತಾಡಲು ತ್ರಾಣವಿಲ್ಲ ಎಂದು ಬರೆಯುತ್ತಿದ್ದರು. ಇವತ್ತು ಬೆಳಿಗ್ಗೆಯೂ ಬರೆದಿದ್ದರು, ಆದದ್ದಾಯಿತು, ನನಗಾಗಿ ಕಾಯಬೇಡ, ಸಹಿ ಹಾಕಿ ಮುಗಿಸಿಬಿಡು ಎಂದು.

ಹೇಳುತ್ತ ಹೇಳುತ್ತ ಆಕೆಯ ಮಾತು ನಿಧಾನವಾಗಿ, ಕೊನೆಗೆ ನಿಂತುಹೋಯಿತು. ಸತ್ತವರು ಭಾವನಾದರೆ ಆ ಫೋನು ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಜಿಗಣೆ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಗಂಡ ಬದುಕಿರಲಿ ಎಂದು ಹರಕೆ ಹೊತ್ತವಳ ಮುಖದಲ್ಲಿ, ಅವನು ಬದುಕಿದ್ದಾನೆ ಎಂಬುದು ಹೀಗೆ ಮೂಡುವುದನ್ನು ನೋಡಲು ಅವಳಿಗೆ ಕಷ್ಟವಾಯಿತು.

“ಕೂತ್ಕೋ ತಂಗಿ. ಮುಂದಿನದು ನಾನು ನೋಡ್ತೀನಿ. ಮೊದಲು ಠಾಣೆಗೆ...”

“ಬೇಡ ಅಕ್ಕಾ.” ಆಕೆ ಕೈಚೀಲದಿಂದ ಫೋನ್ ತೆಗೆದಳು. “ಠಾಣೆಯವರು ಹುಡುಕೋಕೆ ಹೊರಟ್ರೆ ಭಾವನ ಫೋನನ್ನ ಇನ್ನು ಯಾವತ್ತೂ ಎತ್ತಲ್ಲ. ಈಗ ನಾನು ಕೇಳಿದ್ರೆ ಎತ್ತಬಹುದು.”

ಜಿಗಣೆ ತಡೆಯಬೇಕೆಂದುಕೊಂಡಳು. ಆದರೆ ಹಿಡಿದ ಪಟ್ಟು ಬಿಡದವರ ಮುಖ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಪ್ರತಿದಿನ ಕನ್ನಡಿಯಲ್ಲಿ ನೋಡುತ್ತಿದ್ದಳು. ಸುಮ್ಮನೆ ಕುರ್ಚಿಯನ್ನು ಆಕೆಯ ಪಕ್ಕಕ್ಕೆ ಎಳೆದುಕೊಂಡಳು.

ಆಕೆ ಭಾವನ ನಂಬರಿಗೆ ಮೆಸೇಜು ಬರೆದಳು. ಬರೆದದ್ದನ್ನು ಜಿಗಣೆಗೆ ತೋರಿಸಿ ಕಳಿಸಿದಳು. ಸಹಿ ಹಾಕಿದೆ ಭಾವ, ಎಲ್ಲ ಮುಗಿಯಿತು, ಒಂದೇ ಒಂದು ಸಲ ಫೋನ್ ಎತ್ತಿ, ನನಗೆ ಯಾರೂ ಇಲ್ಲ.

ಆಮೇಲೆ ನಂಬರ್ ಒತ್ತಿ, ಎಲ್ಲರಿಗೂ ಕೇಳುವಂತೆ ಮಾಡಿ, ಫೋನನ್ನು ಧೂಳು ತುಂಬಿದ ಬೆಂಚಿನ ಮೇಲೆ ಇಟ್ಟಳು.

ಆ ಕಡೆ ರಿಂಗಾಗುತ್ತಲೇ ಇತ್ತು. ಮಾಲೀಕ ಕಣ್ಣು ಮುಚ್ಚಿಕೊಂಡಿದ್ದ. ಇನ್ನು ಎತ್ತುವುದಿಲ್ಲ ಎಂದು ಜಿಗಣೆ ಕೈ ಚಾಚುವಷ್ಟರಲ್ಲಿ ಆ ಕಡೆ ಯಾರೋ ಎತ್ತಿದರು. ಮಾತಿಲ್ಲ. ದೂರದಲ್ಲೆಲ್ಲೋ ಒಂದು ಗಾಡಿ ಹಾದುಹೋಗುವ ಸದ್ದು. ಹತ್ತಿರದಲ್ಲಿ ಒಂದು ಉಸಿರು.

ಪಾಲಿಶ್‌ನವನ ಹೆಂಡತಿ ಬೆಂಚಿನ ಮೇಲೆ ಬಾಗಿದಳು. ಭಾವ ಎನ್ನಲಿಲ್ಲ.

“ರೀ,” ಎಂದಳು, ಒಳಮನೆಯಿಂದ ಅಂಗಳದಲ್ಲಿರುವವನನ್ನು ಕರೆಯುವಷ್ಟು ಸಹಜವಾಗಿ. “ನಾನು ಕಣ್ರೀ.”

ಉಸಿರು ನಿಂತಿತು. ಫೋನು ಇಟ್ಟ ಸದ್ದು ಬರಲಿಲ್ಲ. ಅಷ್ಟು ದಿನ ಆಕೆ ಎಚ್ಚರದಲ್ಲೂ ನಿದ್ದೆಯಲ್ಲೂ ಕಾದಿದ್ದ ದನಿ, ತುಸು ಒಡೆದಂತೆ, ಬೆಂಚಿನ ಮೇಲಿಂದ ಬಂತು.

“ಸಹಿ ಹಾಕಿದ್ದು ನಿಜಾನಾ?”